ಕಾಸರಗೋಡಿನ ಕುಂಬಳೆ, ಮೊಗ್ರಾಲ್ ಕಡೆಯ ಅಳಿವೆ–ಬೈಲುಗಳಲ್ಲಿ ಅಪರೂಪದ ಬೇಟೆಹಕ್ಕಿಗಳನ್ನು ಗುರುತಿಸುವುದು ಹೇಗೆ?

ಮೊದಲು ದಿನವೂ ಕಾಣುವ ಎರಡನ್ನು ಸರಿಯಾಗಿ ಕಲಿಯಿರಿ. ಕವಲುಬಾಲವಿದ್ದರೆ ಹದ್ದು, ದುಂಡುಬಾಲವಿದ್ದರೆ ಗರುಡ. ಇವೆರಡೂ ಅಲ್ಲ ಎಂದು ಖಚಿತವಾದ ಮೇಲೆಯೇ ಅಪರೂಪದ್ದರ ಮಾತು.

ಹೆಚ್ಚು ಗೊಂದಲ ಮಾಡುವುದು ಗರುಡನ ಮರಿ. ಅದರ ಮೈ ಕಂದು, ಹಾಗಾಗಿ ಚಳಿಗಾಲದಲ್ಲಿ ವಲಸೆ ಬರುವ ಮಾರ್ಷ್ ಹ್ಯಾರಿಯರ್ ಎಂದು ಎಷ್ಟೋ ಜನ ಬರೆದಿಡುತ್ತಾರೆ. ಬಣ್ಣ ಬಿಡಿ, ಹಾರಾಟ ನೋಡಿ. ಹ್ಯಾರಿಯರ್ ಗದ್ದೆ, ಜೊಂಡಿನ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತದೆ. ತೇಲುವಾಗ ರೆಕ್ಕೆಗಳು ಮೇಲಕ್ಕೆ ಎತ್ತಿರುತ್ತವೆ, ಬಾಲ ಉದ್ದ. ಹೆಣ್ಣಾದರೆ ಕಡುಕಂದು ಮೈಗೆ ಕೆನೆಬಣ್ಣದ ನೆತ್ತಿ. ಬೈಲಿನ ಕೊಕ್ಕರೆಗಳೆಲ್ಲ ಒಮ್ಮೆಲೇ ಎದ್ದವೆಂದರೆ ತಕ್ಷಣ ಅತ್ತ ಬೈನಾಕ್ಯುಲರ್ ತಿರುಗಿಸಿ.

ಆಸ್ಪ್ರೇ, ಅಂದರೆ ಮೀನುಡೇಗೆ, ಅಳಿವೆಯ ನೀರಿನ ಮೇಲೆ ಸಿಗುತ್ತದೆ. ಬಿಳಿ ತಲೆ, ಕಣ್ಣಿನ ಮೂಲಕ ಹಾದ ಕಪ್ಪು ಪಟ್ಟಿ, ಉದ್ದನೆಯ ಕಿರಿದಾದ ರೆಕ್ಕೆ. ಗಾಳಿಯಲ್ಲೇ ನಿಂತು ರೆಕ್ಕೆ ಬಡಿದು, ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತದೆ. ಹಿಡಿದ ಮೀನಿನ ತಲೆ ಮುಂದಕ್ಕೆ ಬರುವಂತೆ ತಿರುಗಿಸಿಕೊಂಡು ಹಾರುವುದನ್ನು ಒಮ್ಮೆ ನೋಡಿದರೆ ಮರೆಯಲಾರಿರಿ.

ಬಿಳಿಹೊಟ್ಟೆಯ ಕಡಲಹದ್ದು ನಮ್ಮಲ್ಲೇ ಗೂಡು ಕಟ್ಟುವ ಹಕ್ಕಿ. 2023ರಲ್ಲಿ ಕಾಸರಗೋಡಿನ ಜಿಲ್ಲಾಪಕ್ಷಿ ಎಂದೂ ಘೋಷಣೆಯಾಯಿತು. ಬಿಳಿ ಮೈ, ಬೂದು ರೆಕ್ಕೆ, ಮೊಂಡಾದ ಬೆಣೆಯಾಕಾರದ ಬಾಲ.

ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಬೆಳಗ್ಗೆ ಹೋಗಿ. ಗೂಡು ಕಂಡರೆ ದೂರದಿಂದಲೇ ನೋಡಿ, ದಯವಿಟ್ಟು ಅದರ ಜಾಗವನ್ನು ವಾಟ್ಸಾಪ್‌ನಲ್ಲಿ ಹಂಚಬೇಡಿ. ಫೋಟೋಕ್ಕೆಂದು ಜನ ಮರದಡಿ ಸೇರಿದರೆ ಹಕ್ಕಿ ಗೂಡನ್ನೇ ಬಿಟ್ಟುಹೋಗಬಹುದು.