ಬಿಸಿಲಿಗೆ ಹಾಳಾಗುವ ವಸ್ತುವೇ ಬಿಸಿಲನ್ನು ಅಳೆಯಬಲ್ಲದೇ?

ಪ್ರಶ್ನೆ: ಕಣದಲ್ಲಿ ಹೊದಿಸಿದ ಟಾರ್ಪಾಲು, ಕಟ್ಟಿದ ನೈಲಾನ್ ಹಗ್ಗ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಲಡ್ಡಾಗಿ ಪುಡಿಯಾಗುತ್ತವೆ. ಹೀಗಿರುವಾಗ ಇಂಗಾಲ ಆಧಾರಿತ ಸಾವಯವ ನ್ಯಾನೊ ವಸ್ತುಗಳಿಂದ ನೇರಳಾತೀತ ಕಿರಣಗಳ ಸಂವೇದಕ ಮಾಡುವುದು ಹೇಗೆ? ಕಬ್ಬು ಕಡಿಯುವವರು ಅದನ್ನು ತೋಳಿಗೆ ಅಂಟಿಸಿಕೊಳ್ಳಬಹುದೇ?
– ವಿಜ್ಞಾನ ಶಿಕ್ಷಕಿ, ಮಂಡ್ಯ

ಉತ್ತರ: ನಿಮ್ಮ ಸಂದೇಹ ವಿಷಯದ ತಿರುಳನ್ನೇ ಮುಟ್ಟಿದೆ. ಹಗ್ಗ ಪುಡಿಯಾಗುವುದೂ ಸಂವೇದಕದಲ್ಲಿ ವಿದ್ಯುತ್ ಹುಟ್ಟುವುದೂ ನೇರಳಾತೀತ ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು, ವಸ್ತು ಹೀರಿಕೊಳ್ಳುವುದರಿಂದಲೇ ಆರಂಭವಾಗುತ್ತವೆ. 400 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಈ ಫೋಟಾನಿನ ಶಕ್ತಿ 3.1 ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚು. ಹನಿ ನೀರಾವರಿಯ ಕರಿ ಪೈಪಿನಲ್ಲಿ ಬೆರೆಸಿರುವ ಇಂಗಾಲದ ಕರಿಪುಡಿ ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದರಿಂದ ಪೈಪು ಬಾಳುತ್ತದೆ. ಸಂವೇದಕದಲ್ಲಾದರೆ, ಆ ಶಕ್ತಿ ಆಮ್ಲಜನಕದೊಡನೆ ಸೇರಿ ಅಣುಬಂಧಗಳನ್ನು ಮುರಿಯುವ ಮೊದಲೇ ಅದನ್ನು ವಿದ್ಯುತ್ತಾಗಿ ಹೊರಗೆಳೆಯಬೇಕು.

ಇಲ್ಲಿಯೇ ನ್ಯಾನೊ ಗಾತ್ರದ ಅಗತ್ಯ ಬರುವುದು. ಸಾವಯವ ಅರೆವಾಹಕದಲ್ಲಿ ಬೆಳಕು ಬಿದ್ದೊಡನೆ ಎಲೆಕ್ಟ್ರಾನು ಮತ್ತು ಅದು ಬಿಟ್ಟುಹೋದ ತೆರಪು ಒಂದಕ್ಕೊಂದು ಅಂಟಿಕೊಂಡ ಜೋಡಿಯಾಗಿರುತ್ತವೆ. ಈ ಜೋಡಿ ಸಾಮಾನ್ಯವಾಗಿ ಸುಮಾರು 10 ನ್ಯಾನೊಮೀಟರ್ ದೂರ ಸರಿಯುವುದರೊಳಗೆ ಅಳಿದುಹೋಗುವುದರಿಂದ, ಅದನ್ನು ಬಿಡಿಸುವ ಎರಡನೆಯ ವಸ್ತುವಿನ ಅಂಚು ಅಷ್ಟು ಹತ್ತಿರದಲ್ಲೇ ಸಿಗುವಂತೆ ಎರಡನ್ನೂ ನವಿರಾಗಿ ಬೆರೆಸುತ್ತಾರೆ. ಸಿಲಿಕಾನ್ ಕಣ್ಣಿಗೆ ಕಾಣುವ ಬೆಳಕಿಗೂ ಸ್ಪಂದಿಸುವುದರಿಂದ ಅದಕ್ಕೆ ಆ ಬೆಳಕನ್ನು ತಡೆಯುವ ಶೋಧಕ ಗಾಜು ಬೇಕು. ಸಿ8-ಬಿಟಿಬಿಟಿಯಂತಹ ಸಾವಯವ ಅಣು ಬಹುಮಟ್ಟಿಗೆ ನೇರಳಾತೀತವನ್ನೇ ಹೀರುತ್ತದೆ. ಇದೇ ನನ್ನ ದೃಷ್ಟಿಯಲ್ಲಿ ಈ ವಸ್ತುಗಳ ದೊಡ್ಡ ಗುಣ.

ಬಾಗುವ ಗುಣ ಬರುವುದು ಮುಖ್ಯವಾಗಿ ತೆಳುವಿನಿಂದ. ಸಂವೇದಕವನ್ನು ಮೂಡಿಸಿದ ಹಾಳೆಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಮೇಲ್ಮೈಯ ಹಿಗ್ಗು ಸಿಗುತ್ತದೆ. 5 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿಸಿದಾಗ 100 ಮೈಕ್ರೊಮೀಟರ್ ಹಾಳೆ ಶೇ 1ರಷ್ಟು ಹಿಗ್ಗಿದರೆ, 10 ಮೈಕ್ರೊಮೀಟರಿನದು ಶೇ 0.1ರಷ್ಟು ಮಾತ್ರ. ಹಾಳೆ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನದಾದರೆ ಅದು ನೇರಳಾತೀತವನ್ನು ತಾನೇ ನುಂಗಿಬಿಡುವುದರಿಂದ ಬೆಳಕು ಮೇಲ್ಬದಿಯಿಂದಲೇ ಬೀಳಬೇಕು.

ಇನ್ನು ಕಬ್ಬಿನ ಗದ್ದೆಯ ಮಾತು. ಬೇಸಿಗೆಯ ನಡುಮಧ್ಯಾಹ್ನ ಮೋಡವಿಲ್ಲದಿದ್ದರೆ ಮಂಡ್ಯ, ಮೈಸೂರು ಭಾಗದಲ್ಲಿ ಬಿಸಿಲು ಚರ್ಮಕ್ಕೆ ಎಷ್ಟು ಹಾನಿಕರ ಎಂದು ತಿಳಿಸುವ ನೇರಳಾತೀತ ಸೂಚ್ಯಂಕ 11ನ್ನು ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 3ರಿಂದಲೇ ರಕ್ಷಣೆ ಬೇಕೆನ್ನುತ್ತದೆ. ಅಂಟಿಸಿಕೊಳ್ಳುವುದು ಸಾಧ್ಯ, ಆದರೆ ಬೆವರು, ಗಾಳಿ ಒಳನುಗ್ಗದಂತೆ ಹೊದಿಕೆ ಇರಲೇಬೇಕು. ವಸ್ತು ಸವೆದಂತೆ ವಿದ್ಯುತ್ತು ಕುಗ್ಗಿ, ಬಿಸಿಲು ಇರುವುದಕ್ಕಿಂತ ಕಡಿಮೆಯೆಂದು ತೋರಿಸುವ ಅಪಾಯವಿದೆ. ದುಡಿಯುವವರ ಮಟ್ಟಿಗೆ ಇದು ಅಳತೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಆದ್ದರಿಂದ ಇಂತಹ ಪಟ್ಟಿಯನ್ನು ಕೆಲವು ದಿನ ಬಳಸಿ ಬದಲಿಸುವ ವಸ್ತುವೆಂದೇ ನೋಡಬೇಕು. ಕೊಳ್ಳುವಾಗ ಅದು 280ರಿಂದ 315 ನ್ಯಾನೊಮೀಟರಿನ, ಚರ್ಮ ಸುಡುವ ಯುವಿ-ಬಿ ಎಂಬ ನೇರಳಾತೀತವನ್ನು ಅಳೆಯುತ್ತದೆಯೇ, ಎಷ್ಟು ಗಂಟೆ ಬಿಸಿಲಾದ ಮೇಲೆ ಮತ್ತೆ ತಾಳೆ ನೋಡಬೇಕು ಎಂಬುದನ್ನು ಕೇಳಿ ತಿಳಿಯಿರಿ.