ಓದುಗರ ಪ್ರಶ್ನೆ: ಸೈಕಲ್ ಮೇಲಿಂದ ನಾಸ್ಕಾ ಗೆರೆ ಕಾಣ್ತಾವೇನ್ರಿ?

ಪ್ರಶ್ನೆ: ಸರ್, ನಾವು ಆರು ಮಂದಿ ಪೆರುಗೆ ಹೋಗಿ ಲಿಮಾದಿಂದ ನಾಸ್ಕಾ ತನಕ ಸೈಕಲ್ ತುಳಿಬೇಕಂತ ಮಾಡೀವ್ರಿ. ಅಲ್ಲಿ ಮರಳುಗಾಡಿನ ನೆಲದ ಮ್ಯಾಲ ಹಳೇ ಕಾಲದ ಜನ ಬಿಡಿಸಿದ ದೊಡ್ಡ ದೊಡ್ಡ ಚಿತ್ರ, ಅದೇ ನಾಸ್ಕಾ ಗೆರೆ, ಅದಾವಲ್ರಿ, ರೋಡ್ ಅವುಗಳ ನಡುವನ ಹೋಗ್ತೈತಂತ. ಹಂಗಾರ ಸೈಕಲ್ ಮ್ಯಾಲಿಂದನ ಮಂಗ, ಜೇಡ ಎಲ್ಲಾ ಕಾಣ್ತಾವೇನ್ರಿ? ದಿನಾ ನೂರು ಕಿಮೀ ಆಗ್ತೈತೇನು?
- ಹುಬ್ಬಳ್ಳಿಯ ಓದುಗರು

ಉತ್ತರ: ಕಾಣಲ್ಲ. ನಾನೂ ಹಿಂಗೇ ಅಂದ್ಕೊಂಡು ಹೋಗಿ ಪೆಚ್ಚಾದವನೇ. ಜೇಡ ಸುಮಾರು 46 ಮೀಟರ್, ಮಂಗ 90 ಮೀಟರ್ ದಾಟುತ್ತೆ, ಅಷ್ಟು ದೊಡ್ಡದು ಚಪ್ಪಟೆ ನೆಲದ ಮೇಲೆ ಇದ್ರೆ ಸೀಟ್ ಎತ್ತರಕ್ಕೆ ಏನ್ ಕಾಣುತ್ತೆ ಹೇಳಿ, ಬರೀ ಕಲ್ಲು ಬಯಲು. ಅದೇನು ಆಳಕ್ಕೆ ಕೆತ್ತಿದ್ದಲ್ಲ, ಬಿಸಿಲಿಗೆ ಕಂದು ತಿರುಗಿದ ಕಲ್ಲು ಪಕ್ಕಕ್ಕೆ ಸರಿಸಿ ಕೆಳಗಿನ ತಿಳಿ ಮಣ್ಣು ತೋರಿಸಿರೋದು ಅಷ್ಟೇ, ಗೇಣುದ್ದ ಆಳನೂ ಇಲ್ಲ, ಮಳೆ ಬರದ ಜಾಗ ಅಂತ ಒಂದೂವರೆ ಸಾವಿರ ವರ್ಷದ ಮೇಲೂ ಉಳಿದಿದೆ. ಹೊಟ್ಟೆ ಉರಿಯೋ ವಿಷಯ ಅಂದ್ರೆ ನೀವು ತುಳಿಯೋ ಪ್ಯಾನ್ ಅಮೆರಿಕನ್ ಹೈವೇನೇ ಒಂದು ಹಲ್ಲಿ ಚಿತ್ರವನ್ನ ಕತ್ತರಿಸ್ಕೊಂಡು ಹೋಗಿದೆ.

ನಾಸ್ಕಾ ಊರಿಗೆ ಇನ್ನೂ ಇಪ್ಪತ್ತು ಚಿಲ್ಲರೆ ಕಿಮೀ ಇರುವಾಗಲೇ ರೋಡ್ ಪಕ್ಕ ಕಬ್ಬಿಣದ ಗೋಪುರ ಸಿಗುತ್ತೆ, ಮರಿಯಾ ರೈಖೆ ಅನ್ನೋ ಜರ್ಮನ್ ಮಹಿಳೆ ಕಟ್ಟಿಸಿದ್ದು, ಪೊರಕೆ ಹಿಡಿದು ಗೆರೆ ಗುಡಿಸ್ತಾ ಜೀವನ ಕಳೆದವರು ಆಕೆ. ಸೈಕಲ್ ಕೆಳಗೆ ಬಿಟ್ಟು ಹತ್ತಿ. ಒಂದು ಮರ, ಎರಡು ಕೈಯ ಚಿತ್ರ ಕಾಣುತ್ತೆ, ಒಂದು ಕೈಗೆ ನಾಲ್ಕೇ ಬೆರಳು! ಮಂಗ ಬೇಕಂದ್ರೆ ಸಣ್ಣ ವಿಮಾನನೇ ಗತಿ. ಫೋಟೋಗೆ ಅಂತ ರೋಡ್ ಬಿಟ್ಟು ಒಂದು ಹೆಜ್ಜೆನೂ ಇಳೀಬೇಡಿ, 2018ರಲ್ಲಿ ಒಂದು ಲಾರಿ ಒಳಗೆ ನುಗ್ಗಿ ಗೆರೆಗಳ ಮೇಲೆ ಟೈರ್ ಗುರುತು ಎಳೆದುಬಿಟ್ಟಿತ್ತು.

ಇನ್ನು ನೂರು ಕಿಮೀ ಲೆಕ್ಕ. ಆ ಕರಾವಳಿಲಿ ಗಾಳಿ ದಕ್ಷಿಣದಿಂದ ಬೀಸೋದು, ನೀವು ಹೋಗೋದೂ ದಕ್ಷಿಣಕ್ಕೇ, ಅಂದ್ರೆ ಎದುರುಗಾಳಿ. ಮಧ್ಯಾಹ್ನ ಆದ್ಮೇಲೆ ಇಳಿಜಾರಲ್ಲೂ ಪೆಡಲ್ ತುಳಿಬೇಕಾಯ್ತು ನಮಗೆ. ಕತ್ತಲಿರುವಾಗಲೇ ರೆಡಿಯಾಗಿ ಬೆಳಕು ಬಿಟ್ಟ ತಕ್ಷಣ ಹೊರಡಿ, ಒಬ್ಬರ ಹಿಂದೊಬ್ಬರು ಸಾಲಾಗಿ, ಮುಂದಿನವರನ್ನ ಹತ್ತತ್ತು ನಿಮಿಷಕ್ಕೆ ಬದಲಾಯಿಸ್ತಾ ಇರಿ. ದಾರಿಲಿ ಸಿಗೋ ಇಕಾ ಊರಿಂದ ನಾಸ್ಕಾಗೆ ಸುಮಾರು 140 ಕಿಮೀ, ಒಂದೇ ದಿನಕ್ಕೆ ಹಟ ಬೇಡ, ಪಾಲ್ಪಾದಲ್ಲಿ ಉಳ್ಕೊಳ್ಳಿ, ಮರಳುಗಾಡಿನ ಮಧ್ಯೆ ಕಿತ್ತಳೆ ತೋಟದ ಊರು. ಮತ್ತೆ ಲಾರಿ ಟೈರ್ ಒಡೆದ ಚೂರು ರೋಡ್ ಅಂಚಲ್ಲಿ ಬಿದ್ದಿರುತ್ತಲ್ಲ, ಅದರೊಳಗಿನ ಕೂದಲಿನಂಥ ತಂತಿ ಟೈರ್‌ಗೆ ಚುಚ್ಕೊಂಡ್ರೆ ಕಣ್ಣಿಗೆ ಕಾಣಲ್ಲ, ಟ್ಯೂಬ್ ಬದಲಾಯಿಸಿದ್ರೂ ಮತ್ತೆ ಪಂಕ್ಚರ್. ಹುಬ್ಬು ಕೀಳೋ ಚಿಮಟ ಒಂದು ಇಟ್ಕೊಳ್ಳಿ.

ಪ್ರಶ್ನೆ: ಅಂಥ ಒಣ ಜಾಗದಲ್ಲಿ ಆ ಕಾಲದ ಜನಕ್ಕೆ ನೀರೆಲ್ಲಿಂದ?
- ಬೀದರಿನ ಓದುಗರು

ಉತ್ತರ: ನೀವೇ ಕೇಳ್ತೀರಲ್ಲ! ನಿಮ್ಮೂರ ನೌಬಾದಿನ ಕರೇಜ್ ಥರಾನೇ, ನೆಲದಡಿ ಕಾಲುವೆ. ಅಲ್ಲಿ ಅದಕ್ಕೆ ಪುಕಿಯೋ ಅಂತಾರೆ. ನಿಮ್ಮಲ್ಲಿ ನೇರ ಬಾವಿ, ಅಲ್ಲಿ ನದಿ ಕಲ್ಲು ಕಟ್ಟಿ ಶಂಖದ ಥರ ಸುತ್ತಿಕೊಂಡು ಇಳಿಯೋ ದಾರಿ. ನಾಸ್ಕಾ ಹತ್ರ ಕಾಂತಯೋಕ್‌ನಲ್ಲಿ ಇದೆ, ಇವತ್ತಿಗೂ ಆ ನೀರು ಹೊಲಕ್ಕೆ ಹರಿಯುತ್ತೆ.