ಕೊಂದರೂ ರೇಬೀಸ್ ಯಾಕೆ ನಿಲ್ಲಲ್ಲ

"ಪೆರುವಿನಲ್ಲಿ ರಕ್ತ ಕುಡಿಯೋ ಬಾವಲಿಗಳನ್ನ ಕೊಲ್ತಾನೇ ಇದ್ದಾರೆ, ಆದ್ರೂ ದನಗಳಿಗೆ ರೇಬೀಸ್ ಬರೋದು ಯಾಕೆ ನಿಂತಿಲ್ಲ?" ಅಂತ ಕೇಳಿದ್ರಿ. ಕೊಲ್ಲೋದ್ರಲ್ಲೇ ತೊಡಕಿದೆ ಸಾರ್.

ರಾತ್ರಿ ದೊಡ್ಡಿ ಹತ್ರ ಬಲೆ ಕಟ್ಟಿ ಬಾವಲಿ ಹಿಡಿದು, ಬೆನ್ನಿಗೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಔಷಧ) ಬೆರೆಸಿದ ವ್ಯಾಸಲೀನ್ ಬಳಿದು ಬಿಡ್ತಾರೆ. ಗುಹೆ ಸೇರಿದ ಮೇಲೆ ಒಂದರ ಮೈ ಇನ್ನೊಂದು ನೆಕ್ಕುತ್ತೆ. ನೆಕ್ಕಿದವು ಒಳಗೇ ರಕ್ತ ಸೋರಿ ಸಾಯ್ತವೆ. ಉಪಾಯವೇನೋ ಜಾಣತನದ್ದೇ. ಆದರೆ ಅಲ್ಲಿ ಸೋಂಕು ತಗುಲಿದ ಗುರುತು ಹೆಚ್ಚಾಗಿ ಸಿಕ್ಕಿದ್ದು ಮರಿಗಳಲ್ಲಿ, ಮುಲಾಮಿಗೆ ಸಾಯೋದು ಬಹುಪಾಲು ದೊಡ್ಡವು. ಮೇಲಾಗಿ 2023ರಲ್ಲಿ ಪ್ರಕಟವಾದ ಪೆರುವಿನ ಅಧ್ಯಯನದ ಪ್ರಕಾರ, ರೋಗ ಕಾಣಿಸಿಕೊಂಡ ಮೇಲೆ ಕೊಲ್ಲೋಕೆ ಹೊರಟ್ರೆ ಅದು ಇನ್ನೂ ಹರಡಬಹುದು. ಉಳಿದ ಬಾವಲಿಗಳು ಚದುರಿ ಬೇರೆ ಕಡೆ ಹೋಗ್ತವೆ. ರೋಗ ಬರೋಕೆ ಮುಂಚೆ ಕೊಂದ್ರೆ ಸ್ವಲ್ಪ ಉಪಯೋಗ. ಸಮಸ್ಯೆ ಅಂದ್ರೆ, ರೋಗ ಬರೋಕೆ ಮುಂಚೆ ಯಾರು ದುಡ್ಡು ಬಿಚ್ತಾರೆ?

ನನ್ನ ಕೇಳಿದ್ರೆ, ದನಗಳಿಗೆ ಲಸಿಕೆ ಹಾಕಿಸೋದೇ ಗಟ್ಟಿ ದಾರಿ. ಅಮೆಜಾನ್ ಹಳ್ಳಿಗಳಲ್ಲಿ ಜನರಿಗೂ ಕಚ್ಚೋ ಮೊದಲೇ ಲಸಿಕೆ ಕೊಡ್ತಾರೆ, ಸೊಳ್ಳೆಪರದೆ ಕಟ್ಟಿ ಮಲಗಿ ಅಂತಾರೆ. ಮಲಗಿದವರ ಕಾಲ್ಬೆರಳು ಕಚ್ಚಿದ್ರೂ ಎಷ್ಟೋ ಸಲ ಗೊತ್ತಾಗಲ್ಲ, ಬೆಳಿಗ್ಗೆ ಹಾಸಿಗೇಲಿ ರಕ್ತ ಕಂಡಾಗಲೇ ತಿಳಿಯೋದು.

ಅಂದಹಾಗೆ, ಈ ಬಾವಲಿಗಳಿರೋದು ಮೆಕ್ಸಿಕೋದಿಂದ ಅರ್ಜೆಂಟೀನಾವರೆಗೆ ಮಾತ್ರ. ನಿಮ್ಮ ತೋಟದ ಬಾವಲಿಗಳನ್ನ ಓಡಿಸೋಕೆ ಹೋಗ್ಬೇಡಿ.